ಎದುರಾಳಿಯು ಚಿಂತಿಸುತ್ತಿದ್ದಾರೆ

ಗಡಿನಾಡಿನಲ್ಲಿ ಶಬ್ದವೊಂದನ್ನು ಬೆಳಿಗ್ಗೆ ಮನೆಯಿಂದ ಹೊರಗೆ ಕಳುಹಿಸಿದರೆ, ಸಂಜೆಗೆ ಅದು ಅದೇ ಅರ್ಥದೊಡನೆ ಮರಳಿ ಬಂದೀತೆಂಬ ಭರವಸೆಯಿಲ್ಲ. ಹಳಗನ್ನಡ ಗದ್ಯದ ಪಾಠಗಳನ್ನು ತಿದ್ದುತ್ತ ಮುದುಕನಾದ ನನಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೆ ತಾಳೆಗರಿಯ ಮೇಲಣ ಶಬ್ದ ತಪ್ಪಿದರೆ ಯಾರೂ ಮನೆಯವರೆಗೆ ಬಂದು ಕೇಳುವುದಿಲ್ಲ. ಮೊಬೈಲಿನ ಮೇಲಣ ಶಬ್ದ ತಪ್ಪಿದರೆ ಕೇಳುತ್ತಾರೆ. ಕೇಳುವುದು ನಿಲ್ಲುವುದೂ ಇಲ್ಲ.

ಇಚಲಕರಂಜಿಯಲ್ಲಿರುವ ನನ್ನ ತಂಗಿಯ ಮಗಳು, ಕೊಲ್ಹಾಪುರದ ಪಾಲುದಾರನೊಬ್ಬನೊಡನೆ ಸೇರಿ, ಮೊಬೈಲಿನಲ್ಲಿ ಇಬ್ಬರು ಆಡುವ ಕೋಟೆಯಾಟವೊಂದನ್ನು ಕಟ್ಟಿದ್ದಾಳೆ. ಹಲಗೆಯ ಎರಡು ತುದಿಗೆ ಎರಡು ಕೋಟೆ. ಇಬ್ಬರ ಕೈಯಲ್ಲೂ ಆನೆ, ಕುದುರೆ, ಕಾಲಾಳು. ದಾಳವಿಲ್ಲ, ಅದೃಷ್ಟವಿಲ್ಲ, ಬುದ್ಧಿಯೊಂದೇ ಬಂಡವಾಳ. ಒಬ್ಬನು ಒಂದು ನಡೆ ನಡೆಸಿ, ಫೋನನ್ನು ಜೇಬಿಗಿಳಿಸಿ, ತನ್ನ ಕೆಲಸಕ್ಕೆ ಹೋಗಬಹುದು. ಮತ್ತೊಬ್ಬನು ತನ್ನ ಊರಿನಲ್ಲಿ, ತನಗೆ ಬಿಡುವಾದಾಗ, ಪ್ರತಿನಡೆ ನಡೆಸಬಹುದು. ಆಡಿದವರು ಒಂದರಿಂದ ಐದರವರೆಗೆ ನಕ್ಷತ್ರಗಳನ್ನಿತ್ತು, ಕೆಳಗೆ ತಮ್ಮ ಅಭಿಪ್ರಾಯವನ್ನು ಬರೆಯುತ್ತಾರೆ.

ಮರಾಠಿಯಲ್ಲಿ ಆಟ ಚೆನ್ನಾಗಿ ನಡೆದಿತ್ತು. ಕನ್ನಡದಲ್ಲಿಯೂ ಬೇಕೆಂದು ಇವಳು ಹಟ ಹಿಡಿದಳು. ಎರಡು ಭಾಷೆಯ ಉಸಾಬರಿ ಏಕೆಂದು ಪಾಲುದಾರ ಒಪ್ಪಲಿಲ್ಲ. ಕೊನೆಗೆ ಅವರಿಬ್ಬರ ನಡುವೆ ಒಂದು ಕರಾರಾಯಿತು: ದೀಪಾವಳಿಯವರೆಗೆ ನೋಡುವುದು, ಕನ್ನಡದ ಆಟಗಾರರು ಆಟದಲ್ಲಿ ನಿಲ್ಲದಿದ್ದರೆ ಕನ್ನಡವನ್ನು ತೆಗೆದುಹಾಕುವುದು. ಅವಳು ಗಡಹಿಂಗ್ಲಜದ ನಮ್ಮ ಮನೆಗೆ ಬಂದು ನನ್ನೆದುರು ಕುಳಿತಳು.

"ಮಾಮಾ, ಆಟದಾಗಿನ ಶಬ್ದ ಎಲ್ಲಾ ನೀವ ಬರದ ಕೊಡ್ರಿ. ಛಲೋ ಕನ್ನಡ ಇರ್ಲಿ."

ಛಲೋ ಕನ್ನಡವನ್ನೇ ಬರೆದುಕೊಟ್ಟೆ. ಮುಂದಿನದೆಲ್ಲ ಅದರ ಫಲ.

ಪಾಳಿ

ಒಬ್ಬರ ನಡೆ ಮುಗಿದೊಡನೆ ಮತ್ತೊಬ್ಬರ ಫೋನಿಗೆ ಒಂದು ಸೂಚನೆ ಹೋಗಬೇಕು. ಅದಕ್ಕೆ ನಾನು ಕೊಟ್ಟ ವಾಕ್ಯ: 'ನಿಮ್ಮ ಪಾಳಿ ಬಂದಿದೆ.' ಚಿಕ್ಕದು, ಹಳೆಯದು, ಕಿವಿಗೆ ಹಿತವಾದುದು.

ಪಾಲುದಾರ ಶಬ್ದಗಳನ್ನು ನೋಡಲು ನಮ್ಮ ಮನೆಗೆ ಬಂದಿದ್ದ. ಕೊಲ್ಹಾಪುರದ ಮರಾಠಿಗ; ಅಜ್ಜಿಯ ಕಡೆಯಿಂದ ಕನ್ನಡ ಕಲಿತವನು. ಈ ವಾಕ್ಯದ ಬಳಿ ಬಂದು ನಿಂತ. ಅವನ ಮುಖ ಕೆಂಪಗಾಯಿತು.

"ಗುರುಜಿ, ಹಾ ಶಬ್ದ ನಕೋ. ಬ್ಯಾರೆ ಹಾಕ್ರಿ."

"ಯಾಕ?"

"ಅಂದ್ರ... ಮರಾಠಿ ಮಂದೀನೂ ನೋಡ್ತಾರ್ರಿ."

"ನೋಡ್ಲಿ. ಹಳೇ ಶಬ್ದ ಐತಿ. ಅದಕ್ಕೇನು ಕುಂದು?"

"ಹೆಣ್ಣಮಕ್ಕಳೂ ಆಡ್ತಾರ್ರಿ, ಗುರುಜಿ."

"ಆಡ್ಲಿ. ಅವರಿಗೂ ಪಾಳಿ ಬರಬೇಕಲ್ಲ?"

ಅವನು ತಲೆ ತಗ್ಗಿಸಿ ನೀರು ಕುಡಿದ. ನಾನು ಶಬ್ದದ ವ್ಯುತ್ಪತ್ತಿಯನ್ನು ವಿವರಿಸತೊಡಗಿದೆ. ಅವನು ಮತ್ತೊಮ್ಮೆ ನೀರು ಕುಡಿದ. ಆಗ ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು. ಅವಳ ತವರು ಕೊಲ್ಹಾಪುರ, ಮರಾಠಿ ಬಲ್ಲವಳು.

"ಹೆಣ್ಣಮಕ್ಕಳಿಗೆ ಬರತೈತ್ರಿ, ತಿಂಗಳಿಗೊಮ್ಮೆ. ಅದನ್ನ ನಿಮ್ಮ ಫೋನು ಹೇಳೋದು ಬ್ಯಾಡ."

ಸುಟ್ಟಿಯ ದಿನ

ಹೀಗಾದರೂ ನಾನು ಶಬ್ದವನ್ನು ಬಿಡಲಿಲ್ಲ. ಮರಾಠಿಯ ಅರ್ಥಕ್ಕೆ ಕನ್ನಡದ ಶಬ್ದ ಹೊಣೆಯಲ್ಲವೆಂದು ವಾದಿಸಿ ಉಳಿಸಿಕೊಂಡೆ. ಅದನ್ನು ಬಿಡಿಸಿದವನು ಇಚಲಕರಂಜಿಯ ಮಗ್ಗದ ಕೆಲಸಗಾರನೊಬ್ಬ.

ಆ ಊರಿನ ಬದುಕೆಲ್ಲ ಪಾವರ್‌ಲೂಮಿನ ಸದ್ದಿನೊಳಗೆ ನಡೆಯುವಂಥದು. ಅಲ್ಲಿ ಪಾಳಿಯೆಂದರೆ ಒಂದೇ ಅರ್ಥ: ಹಗಲ ಪಾಳಿ, ರಾತ್ರಿ ಪಾಳಿ. ಈತನಿಗೆ ಅಂದು ಸುಟ್ಟಿ, ವಾರದ ರಜೆ. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿದು ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ್ದ ಹೊತ್ತಿಗೆ ಜೇಬಿನಲ್ಲಿ ಫೋನು ಗುಣುಗುಟ್ಟಿತು. ತೆಗೆದು ನೋಡಿದರೆ, 'ನಿಮ್ಮ ಪಾಳಿ ಬಂದಿದೆ.' ಆಟವನ್ನು ಫೋನಿಗೆ ಹಾಕಿಕೊಂಡು ಆಗ ಒಂದೇ ದಿನವಾಗಿತ್ತು. ಅದರ ಮಾತಿನ ರೀತಿ ಅವನಿಗಿನ್ನೂ ಪರಿಚಯವಾಗಿರಲಿಲ್ಲ. ಯಾರೋ ಬಂದಿಲ್ಲ, ಅದಕ್ಕೇ ಕರೆದಿದ್ದಾರೆಂದು ತಿಳಿದು, ಹೆಗಲ ಮೇಲಿನ ಬಟ್ಟೆಯನ್ನೂ ತೆಗೆಯದೆ ಓಡಿದ.

ಮಗ್ಗದ ಖೋಲಿಯ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ.

"ಏನೋ, ಅರ್ಧಾ ಮಾರಿ ಎಲ್ಲೆ ಬಿಟ್ಟ ಬಂದಿ?"

"ಪಾಳಿ ಅಂತ ಕರದ್ರಲ್ರೀ. ನೋಡ್ರಿ, ಫೋನಿನ್ಯಾಗ ಬಂದೈತಿ."

ಮೇಸ್ತ್ರಿ ಫೋನನ್ನು ಕೈಗೆತ್ತಿಕೊಂಡು ಓದಿದ. ಆಮೇಲೆ ತನ್ನ ಫೋನನ್ನೂ ತೆಗೆದು ನೋಡಿದ.

"ಕರದಾವ ನಾನ ಹೌದು," ಎಂದ. "ಖರೆ, ಕೆಲಸಕ್ಕಲ್ಲ. ಆಟ ತಗದ ನೋಡು, ನಿನ್ನ ಆನಿ ಹೋಗೇತಿ."

ಆ ಕೆಲಸಗಾರ ಇನ್ನೊಂದು ಕೆನ್ನೆಯ ಕ್ಷೌರ ಮುಗಿಸುತ್ತಲೇ ಒಂದು ನಕ್ಷತ್ರ ಕೊಟ್ಟು ಬರೆದ: 'ಆಟ ಛಲೋ ಐತಿ. ಆದರ ಸುಟ್ಟೀ ದಿನಾ ಕೆಲಸಕ್ಕ ಕರೀತೈತಿ. ಹೋದರ ಹಾಜರಿ ಹಾಕಂಗಿಲ್ಲ.'

ಮರುದಿನ 'ಪಾಳಿ' ಹೋಗಿ 'ಸರದಿ' ಬಂತು.

ಬೀಗರು

'ಈ ಆಟ ಬೀಗರ ಜೋಡಿ ಆಡಬಾರದು.' ಎರಡು ನಕ್ಷತ್ರ. ಈ ಅಭಿಪ್ರಾಯವನ್ನು ಬರೆದವರು ಹಾತಕಣಂಗಲೆಯವರು. ಅದರ ಕಥೆ ನಡೆದದ್ದು ನಮ್ಮ ಮನೆಯ ಎದುರಿನ ಬಟ್ಟೆಯಂಗಡಿಯಲ್ಲಿ. ಹೀಗಾಗಿ ಅದರ ಬಹುಭಾಗವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎದುರಾಳಿ ಆಟವನ್ನು ತೆರೆದು, ನಡೆಯನ್ನು ನಡೆಸದೆ ಯೋಚಿಸುತ್ತಿದ್ದರೆ, 'ಎದುರಾಳಿಯು ಚಿಂತಿಸುತ್ತಿದ್ದಾರೆ' ಎಂದು ತೋರಿಸುವ ವ್ಯವಸ್ಥೆ ಮಾಡಿದ್ದೆವು. ಹಳೆಯ ಗದ್ಯದಲ್ಲಿ ಅರಸರು ಚಿಂತಿಸುತ್ತಾರೆ, ಮಂತ್ರಿಗಳು ಚಿಂತಿಸುತ್ತಾರೆ. ಹಾಗೆಂದರೆ ಆಲೋಚಿಸುತ್ತಾರೆ ಎಂದಷ್ಟೇ. ಬಟ್ಟೆಯಂಗಡಿಯವರು ಒಂದು ಬೆಳಿಗ್ಗೆ ತಮ್ಮ ಮಗನ ಮಾವನೊಡನೆ ಆಡುತ್ತಿದ್ದರು. ಗಿರಾಕಿಗಳು ಬಂದರೆಂದು ಫೋನನ್ನು ಹಾಗೆಯೇ ಬಟ್ಟೆಯ ತಾನೊಂದರ ಮೇಲಿಟ್ಟು ಎದ್ದರು. ಲಗ್ನದ ಜವಳಿಯ ಗಿರಾಕಿಗಳು. ಬೇಗ ಏಳುವ ಜಾತಿಯವರಲ್ಲ. ಆ ಫೋನಿನ ಮೇಲೆ ಇನ್ನೊಂದು ತಾನು ಬಿತ್ತು, ಅದರ ಮೇಲೆ ಮತ್ತೊಂದು.

ಅತ್ತ ಹಾತಕಣಂಗಲೆಯಲ್ಲಿ ಬೀಗರು ಚಹಾ ಕುಡಿದು ನೋಡಿದರು: ಎದುರಾಳಿಯು ಚಿಂತಿಸುತ್ತಿದ್ದಾರೆ. ಸ್ನಾನ ಮಾಡಿ ನೋಡಿದರು: ಚಿಂತಿಸುತ್ತಿದ್ದಾರೆ. ಊಟದ ಹೊತ್ತಿಗೂ ಅದೇ. ಮಗಳನ್ನು ಕೊಟ್ಟ ಮನೆ. ಹೆಂಡತಿಗೆ ತೋರಿಸಿದರು. ಆಕೆ ಬುತ್ತಿ ಕಟ್ಟಿಕೊಟ್ಟು, "ಫೋನಿನ್ಯಾಗ ಕೇಳಬ್ಯಾಡ್ರಿ. ಹೋಗೇ ಬರ್ರಿ," ಎಂದಳು.

ನಾನು ಅಂಗಡಿಯಲ್ಲಿ ಕುಳಿತಿದ್ದಾಗಲೇ ಅವರು ಎಸ್‌ಟಿ ಬಸ್ಸಿನಿಂದಿಳಿದು ಬಂದರು.

"ಆರಾಮ ಅದೀರಿ?"

"ಆರಾಮ್ರಿ. ನೀವು?"

"ನಾವು ಆರಾಮ. ನೀವು ಆರಾಮಲ್ರಿ?"

ಹೇಳದೆ ಕೇಳದೆ ಬಂದ ಬೀಗರನ್ನು ಕಂಡು ಅಂಗಡಿಯವರಿಗೆ ಈಗ ನಿಜವಾಗಿಯೇ ಚಿಂತೆ ಹತ್ತಿತು. ಬೀಗರು ಬುತ್ತಿಯನ್ನು ಕೆಳಗಿಟ್ಟು ದನಿ ತಗ್ಗಿಸಿದರು.

"ನೋಡ್ರಿ, ಮನಸಿನ್ಯಾಗ ಇಟಗೋಬ್ಯಾಡ್ರಿ. ನಮ್ಮ ಮಗಳ ಕಡಿಂದ ಏನರ ತಪ್ಪಾಗಿದ್ರ ಹೇಳ್ರಿ."

"ಅಯ್ಯ, ಬಂಗಾರದಂಥಾ ಹುಡಗಿ. ಯಾರು ಏನಂದ್ರು?"

"ಮತ್ತ ಮುಂಜಾನಿಂದ ಚಿಂತೀ ಮಾಡಾಕತ್ತೀರಂತ?"

ಅಂಗಡಿಯವರು ತಾನುಗಳ ರಾಶಿಯಡಿಯಿಂದ ಫೋನನ್ನು ಎಳೆದು ತೆಗೆದರು.

"ಅದರೀ... ನಿಮ್ಮ ಕುದುರಿ ಹೆಂಗ ಹೊಡೀಬೇಕು ಅಂತ ನೋಡಾಕತ್ತಿದ್ದೆ."

ಬೀಗರು ಗಾದಿಗೆ ಒರಗಿ ಕಾಲು ನೀಡಿದರು.

"ಹೊಡೀರಿ ಹಂಗಾರ. ಇಷ್ಟ ದೂರ ಬಂದೇನಿ, ನೋಡೇ ಹೋಗ್ತೀನಿ."

ಆನೆಯ ಊಟ

ಎದುರಾಳಿಯ ಕಾಯಿಯನ್ನು ಹಲಗೆಯಿಂದ ತೆಗೆಯುವುದಕ್ಕೆ ನಾನು ಮೊದಲು ಬರೆದಿದ್ದುದು 'ವಧಿಸಿದಿರಿ' ಎಂದು. ಇದಕ್ಕೆ ನನ್ನ ಈ ಸೋದರಸೊಸೆಯೇ ಒಪ್ಪಲಿಲ್ಲ. ನಾವು ಜೈನರು, ಇರುವೆಯನ್ನು ಊದಿ ಸರಿಸುವ ಮನೆತನ. "ಮಾಮಾ, ನಮ್ಮ ಆಟದಾಗ ಹಿಂಸಾ ಬ್ಯಾಡ," ಎಂದು ಅದನ್ನು ತೆಗೆದುಹಾಕಿ, ಹುಡುಗರು ಹಲಗೆಯ ಆಟದಲ್ಲಿ ಆಡುವ ಸೌಮ್ಯವಾದ ಶಬ್ದವೊಂದನ್ನು ತಾನೇ ಹಾಕಿದಳು: 'ತಿಂದಿರಿ.' ಕೊಲ್ಲುವ ಪಾಪದಿಂದ ಪಾರಾದೆವೆಂದು ಇಬ್ಬರೂ ತಿಳಿದೆವು.

ನಾಂದಣಿಯ ಕಡೆಯ ನಮ್ಮ ದೂರದ ಸಂಬಂಧಿಕರೊಬ್ಬರು, ಕಬ್ಬು ಬೆಳೆಯುವ ದೊಡ್ಡ ಒಕ್ಕಲುತನದವರು, ಈ ಆಟಕ್ಕೆ ಮನಸೋತಿದ್ದರು. ಅವರ ಹೆಂಡತಿ ವ್ರತನಿಯಮಗಳಲ್ಲಿ ಊರಿಗೇ ಹೆಸರಾದವರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರ ಬಾಯಿಗೂ ಒಂದು ಅಗುಳು ಹೋಗುವಂತಿಲ್ಲ. ಒಂದು ದಿನ ದೀಪ ಹಚ್ಚಿದ ಮೇಲೆ ಈತ ಒಂದು ನಡೆ ನಡೆಸಿ, ಫೋನನ್ನು ಜಗುಲಿಯ ಮೇಲಿಟ್ಟು ದನದ ಕೊಟ್ಟಿಗೆಗೆ ಹೋದರು. ಹೆಂಡತಿ ಫೋನನ್ನು ಒಳಗಿಡಲು ಎತ್ತಿಕೊಂಡರು. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: 'ನೀವು ಆನೆಯನ್ನು ತಿಂದಿರಿ.'

ಈತ ಮರಳಿ ಬಂದಾಗ ಆಕೆ ಫೋನನ್ನು ಮುಂದೆ ಹಿಡಿದುಕೊಂಡು ನಿಂತಿದ್ದರು.

"ಏನ್ರಿ ಇದು?"

"ಅದು ಆಟ. ಖರೇ ಆನಿ ಅಲ್ಲ."

"ಆನಿ ಖರೇದೋ ಸುಳ್ಳೋ, ಅದು ಆಮ್ಯಾಲೆ. ಯಾವಾಗ ತಿಂದ್ರಿ?"

"ಈಗ."

ಆಕೆ ಹೊರಗಿನ ಕತ್ತಲೆಯನ್ನೊಮ್ಮೆ ನೋಡಿ, ಫೋನನ್ನು ಜಗುಲಿಯ ಮೇಲಿಟ್ಟರು.

"ಹೊತ್ತ ಮುಳಗಿದ ಮ್ಯಾಲೆ ತಿಂದೀರಿ? ಮುಂಜಾನೆ ತಿಂದಿದ್ರ ಏನಾಗತಿತ್ತು?"

ಕಿವಿ

ಎಲ್ಲ ಅಭಿಪ್ರಾಯಗಳಿಗೂ ನನ್ನ ಶಬ್ದಗಳೇ ಕಾರಣವೆಂದು ತಿಳಿಯಬಾರದು. ಅಥಣಿಯ ಕಡೆಯಿಂದ ಬಂದು ಕೊಲ್ಹಾಪುರದ ತಾಲೀಮೊಂದರಲ್ಲಿ ಕುಸ್ತಿ ಕಲಿಸುತ್ತಿರುವ ವಸ್ತಾದರೊಬ್ಬರು ಮೂರು ನಕ್ಷತ್ರ ಕೊಟ್ಟು ಬರೆದರು: 'ಎದುರಾಳಿ ಕಾಣಂಗಿಲ್ಲ. ಮುರದ ಕಿವಿ ನೋಡಿದರ ಪೈಲವಾನ ಎಷ್ಟು ಮಣ್ಣು ಕಂಡಾನ ಅಂತ ಹೇಳತೇನಿ. ಇಲ್ಲಿ ಕಿವೀನ ಇಲ್ಲ.'

ಮಾತು ನ್ಯಾಯವಾದುದೆಂದು, ಆಟಗಾರರು ತಮ್ಮ ಚಿತ್ರವನ್ನು ಹಾಕಿಕೊಳ್ಳಲು ಸೊಸೆ ಅನುಕೂಲ ಮಾಡಿಕೊಟ್ಟಳು. ವಾರ ಕಳೆಯುವುದರೊಳಗೆ ಮೂರು ನಕ್ಷತ್ರ ಒಂದಕ್ಕಿಳಿಯಿತು: 'ಈಗ ಕಾಣಸತೈತಿ. ಗುಲಾಬಿ ಹೂವಿನ ಕೈಯಾಗ ಸೋತೆ ಅಂತ ತಾಲೀಮಿನ್ಯಾಗ ಹೆಂಗ ಹೇಳಲಿ?'

ಶರಣು

ದೀಪಾವಳಿ ಹತ್ತಿರವಾಯಿತು. ಒಂದು ಬೆಳಿಗ್ಗೆ ಸೊಸೆ ಮತ್ತು ಪಾಲುದಾರ ಇಬ್ಬರೂ ಗಡಹಿಂಗ್ಲಜಕ್ಕೆ ಬಂದಿಳಿದರು. ಸೊಸೆಯ ಮುಖದಲ್ಲಿ ಕಳೆಯಿರಲಿಲ್ಲ.

"ಮಾಮಾ, ಇವತ್ತ ಇಲ್ಲೇ ತೀರ್ಮಾನ ಮಾಡೋದಂತ ಬಂದಾರ. ಕನ್ನಡ ತಗೀತಾರಂತ."

ಪಾಲುದಾರ ವಿನಯದಿಂದಲೇ ಹೇಳಿದ: "ಗುರುಜಿ, ಶಬ್ದದ ಮಾತಲ್ಲ. ಕನ್ನಡ ಮಂದಿ ಲಢಾಯೀನ ಮಾಡಂಗಿಲ್ರಿ. ಆಟ ಚಾಲೂ ಆಗೋದರೊಳಗ ಸೋತೆ ಅಂತಾರ. ಅದರಾಗೂ ನಿಮ್ಮ ಗಡಹಿಂಗ್ಲಜದವರು. ಒಂದ ಕಾಲಾಳೂ ಮುಂದ ಹೋಗಿರಂಗಿಲ್ಲ, ಆಟ ಮುಗದಿರತೈತಿ."

ಅಭಿಪ್ರಾಯಗಳನ್ನು ತೋರಿಸಿದ. ಅವು ಎರಡೇ ಬಗೆಯವು. ಐದು ನಕ್ಷತ್ರದವರು ಬರೆದಿದ್ದರು: 'ಭಾಳ ಸರಳ ಆಟ. ಏನೂ ಮಾಡದ ಗೆದ್ದೆ.' ಒಂದು ನಕ್ಷತ್ರದವರು ಬರೆದಿದ್ದರು: 'ಮರ್ಯಾದಿ ಇಲ್ಲದ ಆಟ.' ಈ ಎರಡನೆಯ ಮಾತನ್ನು ಬರೆದವರಲ್ಲಿ ನಮ್ಮ ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರು ನನಗೆ ಪರಿಚಿತರು. ಹೇಳಿ ಕಳುಹಿಸಿದೆ. ಅವರು ವಿಭೂತಿ ಧರಿಸಿ, ಟೊಪ್ಪಿಗೆ ಸರಿಮಾಡಿಕೊಂಡು ಬಂದರು.

"ನನ್ನ ಜೋಡಿ ಒಂದ ಆಟ ಆಡ್ರಿ, ಕಾಕಾ," ಎಂದ ಪಾಲುದಾರ. "ಎಲ್ಲಿ ತಪ್ಪತೈತಿ ನೋಡ್ತೀನಿ."

ಇಬ್ಬರೂ ಎದುರೆದುರು ಕುಳಿತರು. ಸೊಸೆ ನನ್ನ ಪಕ್ಕದಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ವ್ಯಾಪಾರಿ ಆಟವನ್ನು ತೆರೆದರು, ಪಾಲುದಾರನ ಕಡೆಗೆ ನೋಡಿ ಮುಗುಳುನಕ್ಕರು, ಹಲಗೆಯ ಮೂಲೆಯಲ್ಲಿದ್ದ ಗುಂಡಿಯೊಂದನ್ನು ಒತ್ತಿದರು. ಪಾಲುದಾರನ ಫೋನು ಕಹಳೆ ಊದಿತು: 'ಎದುರಾಳಿಯು ಶರಣಾಗಿದ್ದಾರೆ. ಜಯ ನಿಮ್ಮದು.'

"ನೋಡ್ರಿ," ಎಂದ ಪಾಲುದಾರ ನಮ್ಮ ಕಡೆಗೆ ತಿರುಗಿ. "ಸೋತ್ರು."

"ಯಾರು ಸೋತ್ರು?" ಎಂದರು ವ್ಯಾಪಾರಿ.

"ನೀವ, ಕಾಕಾ."

"ಇನ್ನಾ ಬರೋಬ್ಬರಿ ಕೂತಿಲ್ಲ. ಎಲ್ಲೆ ಸೋಲೋದು?"

"ಮತ್ತ ಈ ಗುಂಡಿ ಯಾಕ ಒತ್ತಿದ್ರಿ?"

"ಶರಣು ಅಂತ ಬರದೈತಲ್ಲೋ ತಮ್ಮಾ. ಎದರಿಗೆ ಕೂತವರಿಗೆ ಶರಣು ಅನ್ನದ ಆಟಕ್ಕ ಕೈ ಹಚ್ಚೋದ ಹೆಂಗ?"

ಇಲ್ಲಿ ವಿಷಯವನ್ನು ಸ್ಪಷ್ಟಪಡಿಸಬೇಕು. ಸೋಲೊಪ್ಪಿ ಆಟ ಬಿಡುವವರಿಗೆಂದು ಮೂಲೆಯಲ್ಲೊಂದು ಗುಂಡಿ ಇಟ್ಟು, ಅದಕ್ಕೆ 'ಶರಣು' ಎಂದು ಹೆಸರು ಕೊಟ್ಟವನು ನಾನು. ಹಳೆಯ ಯುದ್ಧವರ್ಣನೆಗಳಲ್ಲಿ ಸೋತವರು ಶರಣುಹೊಗುವುದೇ ಕ್ರಮ. ನಮ್ಮ ಮನೆಗಳಲ್ಲಿ ಇಬ್ಬರು ಎದುರಾದರೆ 'ಜೈ ಜಿನೇಂದ್ರ' ಅನ್ನುತ್ತೇವೆ. ಆದರೆ ಈ ಪೇಟೆಯಲ್ಲಿ ಇಬ್ಬರು ಲಿಂಗವಂತರು ಎದುರಾದರೆ ಮೊದಲು ಹೊರಡುವ ಮಾತು 'ಶರಣ್ರೀ'. ದಿನವೂ ಕೇಳುವ ಮಾತು. ಗ್ರಂಥದಲ್ಲಿ ಹುಡುಕುವವನ ಕಿವಿಗೆ ಅದು ಬೀಳುವುದಿಲ್ಲ. ಅಂತೂ ಇಡೀ ಗಡಹಿಂಗ್ಲಜ ತಾಲೂಕು ನಮಸ್ಕಾರ ಮಾಡಿ ಮಾಡಿ ಸೋಲುತ್ತಿತ್ತು.

ಪಾಲುದಾರನಿಗೆ ಇನ್ನೂ ಸಮಾಧಾನವಾಗಿರಲಿಲ್ಲ. "ಏನ ಆದ್ರೂ, ಕಾಕಾ, ಫೋನಿನ ಲೆಕ್ಕದಾಗ ನಾ ಗೆದ್ದೆ," ಎಂದ.

"ನಾ ಶರಣು ಅಂದೆ. ನೀ ತಿರುಗಿ ಅನ್ನಲಿಲ್ಲ. ಅದಕ್ಕ ನಿನ್ನ ಫೋನು ಜಯ ಅಂತೈತಿ," ಎಂದರು ವ್ಯಾಪಾರಿ ತಣ್ಣಗೆ. "ನಮ್ಮ ಪ್ಯಾಟ್ಯಾಗ ಅದಕ್ಕ ಸೊಕ್ಕು ಅಂತಾರ."

ಸೊಸೆ ಮೊದಲು ನಕ್ಕಳು. ಆಮೇಲೆ ಪಾಲುದಾರನೂ ನಕ್ಕು, ಹಬ್ಬದವರೆಗೆ ನೋಡೋಣವೆಂದು ಒಪ್ಪಿದ. ಸೋಲೊಪ್ಪುವ ಗುಂಡಿಗೆ 'ಸಾಕು' ಎಂಬ ಹೆಸರಾಯಿತು. 'ಶರಣು' ಆಟದ ಆರಂಭಕ್ಕೆ ಬಂತು: ಒಬ್ಬರು ಅಂದರೆ ಮತ್ತೊಬ್ಬರು ಮರಳಿ ಅನ್ನಬಹುದು. ಮರ್ಯಾದೆಗೆ ಕೊರತೆಯಾಗಬಾರದೆಂದು, ಮೊದಲ ನಡೆಯನ್ನು ಎದುರಾಳಿಗೆ ಬಿಟ್ಟುಕೊಡಲು 'ಮೊದಲು ನೀವು' ಎಂಬ ಗುಂಡಿಯನ್ನೂ ಸೊಸೆ ಸೇರಿಸಿದಳು.

ಹಬ್ಬದ ದಿನ ಪಾಲುದಾರನೇ ಫೋನು ಮಾಡಿದ. "ಗುರುಜಿ, ಕನ್ನಡ ಇರ್ಲಿ. ನಿಮ್ಮ ಮಂದಿ ಈಗ ಆಟ ಬಿಟ್ಟ ಏಳವಲ್ರು. ಮರಾಠೀ ಆಟ ಸಂಜೀಕ ಮುಗೀತೈತಿ. ನಿಮ್ಮವು ಮುಗೀವಲ್ವು. ಏನ ಡಾವ್ ಹಾಕಾಕತ್ತಾರೋ ತಿಳೀವಲ್ದು."

ಇಷ್ಟು ದೀರ್ಘವಾದ ಯುದ್ಧತಂತ್ರ ಯಾವುದಿರಬಹುದೆಂದು ನನಗೂ ಕುತೂಹಲವಾಯಿತು. ಹಬ್ಬಕ್ಕೆ ಬಂದಿದ್ದ ಸೊಸೆಯನ್ನು ಕೇಳಿದೆ. ಅವಳು ಬೆಲ್ಲದ ವ್ಯಾಪಾರಿ ಸಂಕೇಶ್ವರದ ಎದುರಾಳಿಯೊಬ್ಬರೊಡನೆ ಆಡುತ್ತಿದ್ದ ಆಟವನ್ನು ತೆರೆದು ತೋರಿಸಿದಳು. ಇವರು 'ಶರಣು' ಎಂದಿದ್ದರು. ಅವರು 'ಶರಣು' ಎಂದಿದ್ದರು. ಇವರು 'ಮೊದಲು ನೀವು' ಎಂದಿದ್ದರು. ಅವರು 'ಮೊದಲು ನೀವು' ಎಂದಿದ್ದರು. ಇವರು ಮತ್ತೆ ಹಾಗೆಯೇ ಎಂದಿದ್ದರು, ಅವರೂ ಬಿಟ್ಟಿರಲಿಲ್ಲ. ಬೆರಳಿನಿಂದ ಎಷ್ಟು ಸರಿಸಿದರೂ ಅದೇ ಇತ್ತು. ಆನೆ, ಕುದುರೆ, ಕಾಲಾಳುಗಳೆಲ್ಲ ತಂತಮ್ಮ ಮನೆಯಲ್ಲಿ ಮೊದಲು ನಿಂತಂತೆಯೇ ನಿಂತಿದ್ದವು.

ಕೆಳಗೆ ವ್ಯಾಪಾರಿ ಐದು ನಕ್ಷತ್ರ ಕೊಟ್ಟು ತಮ್ಮ ಅಭಿಪ್ರಾಯವನ್ನು ಬರೆದಿದ್ದರು:

'ಆಟ ಅಂದರ ಇದು. ಎದುರಿನವರು ಭಾಳ ದೊಡ್ಡ ಮನಸಿನವರು. ಇನ್ನಾ ಚಾಲೂ ಆಗಿಲ್ಲ.'